ಯಾವುದು ತಡವಾದರೆ ಪರವಾಗಿಲ್ಲ?

ವರ್ಷದ ಕೆಲಸ ಅಳೆಯುವ ಅಪ್ರೈಸಲ್ ಮೀಟಿಂಗಿನಲ್ಲಿ ನನ್ನ ಮ್ಯಾನೇಜರ್ ಗೋಲ್ ಶೀಟನ್ನು, ಅಂದರೆ ವರ್ಷದ ಗುರಿಗಳ ಪಟ್ಟಿಯನ್ನು, ನನ್ನ ಕಡೆ ತಿರುಗಿಸಿದರು. ಐದನೇ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು, “ಇದೊಂದು ಆಗಿದ್ದಿದ್ದರೆ ಸಾಕಿತ್ತು” ಅಂದರು. ಬೈಯುವ ದನಿ ಅಲ್ಲ, ದಣಿದ ದನಿ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆ ವರ್ಷ ನನ್ನ ಶೀಟಿನಲ್ಲಿ ಎಂಟು ಸಾಲುಗಳಿದ್ದವು. ಏಳನ್ನು ಮುಗಿಸಿದ್ದೆ. ತಿಂಗಳ ರಿಪೋರ್ಟ್ ಒಂದು ಸಲವೂ ತಡವಾಗಿರಲಿಲ್ಲ. ಹೊಸದಾಗಿ ಸೇರಿದ ಐದು ಜನಕ್ಕೆ ಕೆಲಸ ಕಲಿಸಿದ್ದೆ. ಗ್ರಾಹಕರ ದೂರುಗಳ ರಾಶಿ ಅರ್ಧಕ್ಕೆ ಇಳಿದಿತ್ತು. ಐದನೇ ಸಾಲು ಹೀಗಿತ್ತು: “ಹಳೆಯ ದಾಖಲೆಗಳ ವರ್ಗಾವಣೆಯನ್ನು ಸುಗಮಗೊಳಿಸುವುದು.” ಹಳೇ ಸಾಫ್ಟ್‌ವೇರ್‌ನಿಂದ ಹೊಸದಕ್ಕೆ ದಾಖಲೆಗಳನ್ನು ಸಾಗಿಸುವ ಕೆಲಸ ಅದು. ತಾಂತ್ರಿಕ ತಂಡದವರು ಸಾಗಿಸುತ್ತಾರೆ, ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟರೆ ಆಯಿತು ಅಂತ ಅರ್ಥ ಮಾಡಿಕೊಂಡಿದ್ದೆ. ಕೇಳಿದ ಪ್ರತಿಯೊಂದಕ್ಕೂ ಅದೇ ದಿನ ಉತ್ತರ ಕೊಟ್ಟಿದ್ದೆ ಕೂಡ. ಮೇಡಂ ಮನಸ್ಸಿನಲ್ಲಿದ್ದದ್ದೇ ಬೇರೆ. ಆ ಕೆಲಸದ ಹೊಣೆ ಪೂರ್ತಿ ನನ್ನದು, ಹಳೇ ಸಾಫ್ಟ್‌ವೇರ್‌ನ ಒಪ್ಪಂದ ಮುಗಿಯುವುದರೊಳಗೆ ನಾನೇ ಬೆನ್ನು ಹತ್ತಿ ಮುಗಿಸುತ್ತೇನೆ ಅಂತ ಅವರು ನಂಬಿಕೊಂಡಿದ್ದರು. ಅದು ಮುಗಿಯಲಿಲ್ಲ. ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಬೇಕಾಯಿತು. ಯಾಕೆ ಅಂತ ತಮ್ಮ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರು.

ಮೊದಲು ನನಗೆ ಬಂದದ್ದು ಸಿಟ್ಟು. ಅಷ್ಟು ಮುಖ್ಯ ಅಂತ ಗೊತ್ತಿದ್ದರೆ ಹೇಳಬೇಕಿತ್ತಲ್ವಾ? ಐದನೇ ಸಾಲಿನಲ್ಲಿ ಯಾಕೆ ಬರೆದರು? ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೇ ದಿನ ಆ ಶೀಟನ್ನು ತೆಗೆದು ಒಂದೊಂದೇ ಸಾಲು ಓದುತ್ತಾ ಕೂತೆ. “ಸುಗಮಗೊಳಿಸುವುದು.” ಯಾರು? ಎಷ್ಟು? ಯಾವಾಗ? ಸುಗಮ ಆಯಿತು ಅಂತ ಗೊತ್ತಾಗುವುದು ಹೇಗೆ? ಆ ಪದಕ್ಕೆ ನಾನೊಂದು ಅರ್ಥ ತುಂಬಿಕೊಂಡಿದ್ದೆ, ಅವರೊಂದು ತುಂಬಿಕೊಂಡಿದ್ದರು. ಇಬ್ಬರೂ ಕೆಳಗೆ ಸಹಿ ಹಾಕಿದ್ದೆವು.

ವರ್ಷದ ಶುರುವಿನ ಮೀಟಿಂಗ್ ನೆನಪಾಯಿತು. ಇಪ್ಪತ್ತು ನಿಮಿಷ ಇರಬಹುದು. ಅವರು ಓದುತ್ತಾ ಹೋದರು, ನಾನು ತಲೆಯಾಡಿಸುತ್ತಾ ಹೋದೆ. “ಎಲ್ಲ ಓಕೆ ತಾನೇ?” “ಓಕೆ ಮೇಡಂ.” ಗುರಿಗಳ ಒಪ್ಪಂದ ಅಂತ ನಾವು ಕರೆದದ್ದು ಇದನ್ನೇ. ಒಂದು ಪ್ರಶ್ನೆಯನ್ನೂ ನಾನು ಕೇಳಲಿಲ್ಲ. ಕೇಳಿದರೆ ಕೆಲಸ ಗೊತ್ತಿಲ್ಲ ಅಂದುಕೊಳ್ಳುತ್ತಾರೆ ಅನ್ನುವ ಅಂಜಿಕೆ ಇತ್ತು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ವರ್ಷವಿಡೀ ರಿಪೋರ್ಟಿನ ಹಿಂದೆ ನಾನು ಬಿದ್ದದ್ದು ಅದು ಮುಖ್ಯ ಅನ್ನುವ ಕಾರಣಕ್ಕಲ್ಲ. ಪ್ರತಿ ತಿಂಗಳೂ ಅದಕ್ಕೊಂದು “ಥ್ಯಾಂಕ್ಸ್, ಚೆನ್ನಾಗಿದೆ” ಬರುತ್ತಿತ್ತು. ದಾಖಲೆಗಳ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಕೇಳುವವರಿರುವ ಕೆಲಸ ನಮ್ಮನ್ನು ಎಳೆಯುತ್ತದೆ. ಕೇಳುವವರಿಲ್ಲದ ಕೆಲಸ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ, ಗಡುವಿನ ದಿನ ಬರುವವರೆಗೆ.

ಆಮೇಲಿನ ವರ್ಷ ನಾನು ಬೇರೆ ದಾರಿ ಹಿಡಿದೆ. ಅದರ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ದಾರಿ ತೋರಿಸಿದ್ದು ಒಂದು ಹಳೇ ವಿಚಾರ. ಪೀಟರ್ ಡ್ರಕರ್ 1954ರಲ್ಲಿ ಆಡಳಿತ ನಿರ್ವಹಣೆಯ ಬಗ್ಗೆ ಒಂದು ಪುಸ್ತಕ ಬರೆದರು. ಗುರಿಗಳನ್ನಿಟ್ಟು ಕೆಲಸ ನಡೆಸುವ ಪದ್ಧತಿ ಜಗತ್ತಿನ ಆಫೀಸುಗಳಲ್ಲೆಲ್ಲ ಹರಡಿದ್ದು ಅಲ್ಲಿಂದ. ನಮ್ಮ ಗೋಲ್ ಶೀಟು, ಕೆಆರ್‌ಎ (ಯಾವ ಫಲಿತಾಂಶದ ಹೊಣೆ ನಮ್ಮದು ಅನ್ನುವ ಪಟ್ಟಿ) ಇವೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ಆದರೆ ಡ್ರಕರ್ ಹೇಳಿದ್ದು ಗುರಿಗಳು ಮತ್ತು ಸ್ವಯಂ ನಿಯಂತ್ರಣ (ತನ್ನ ಕೆಲಸವನ್ನು ತಾನೇ ಅಳೆದು ತಿದ್ದಿಕೊಳ್ಳುವುದು), ಎರಡೂ ಸೇರಿ. ಆಫೀಸುಗಳು ಗುರಿಗಳನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟವು. ಅದೇ ಪುಸ್ತಕದಲ್ಲಿ ಅವರು ಒಂದು ಪತ್ರದ ಬಗ್ಗೆ ಹೇಳುತ್ತಾರೆ. ವರ್ಷಕ್ಕೆ ಎರಡು ಸಲ ಕೆಳಗಿನವರು ಮೇಲಿನವರಿಗೆ ಬರೆಯುವ ಪತ್ರ. ಅದರಲ್ಲಿ ಮೊದಲು, ಮೇಲಿನವರ ಕೆಲಸದ ಗುರಿಗಳೇನು ಅಂತ ತಾನು ತಿಳಿದುಕೊಂಡಂತೆ ಬರೆಯಬೇಕು. ಆಮೇಲೆ ತನ್ನ ಕೆಲಸದ ಗುರಿಗಳು. ತನ್ನನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದಾರೆ ಅಂತ ತನಗೆ ಅನ್ನಿಸಿದ್ದು. ಗುರಿ ಮುಟ್ಟಲು ತಾನೇನು ಮಾಡಬೇಕು, ತನ್ನ ತಂಡದಲ್ಲಿ ಏನೇನು ಅಡ್ಡಿಗಳಿವೆ. ಮೇಲಿನವರು ಮತ್ತು ಸಂಸ್ಥೆ ಮಾಡುವುದರಲ್ಲಿ ಯಾವುದು ನೆರವಾಗುತ್ತದೆ, ಯಾವುದು ತೊಡಕಾಗುತ್ತದೆ. ಕೊನೆಗೆ, ಬರುವ ವರ್ಷ ಏನು ಮಾಡುತ್ತೇನೆ. ಮೇಲಿನವರು ಒಪ್ಪಿದರೆ ಆ ಪತ್ರವೇ ಕೆಲಸದ ಕರಾರು.

ನಮ್ಮ ಗೋಲ್ ಶೀಟು ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತದೆ. ಈ ಪತ್ರ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಬರೆಯುವವರು ನಾವು, ತಿದ್ದುವವರು ಅವರು. ಇಷ್ಟೇ ವ್ಯತ್ಯಾಸ ಅನ್ನಿಸಬಹುದು. ಬರೆಯಲು ಕೂತಾಗ ಗೊತ್ತಾಗುತ್ತದೆ ಅದು ಎಷ್ಟು ದೊಡ್ಡದು ಅಂತ.

ಒಂದು ಶನಿವಾರ ಬೆಳಿಗ್ಗೆ ಬರೆಯಲು ಕೂತೆ. “ಮೇಡಂ, ನಿಮ್ಮ ಕೆಲಸ ಏನು ಅಂತ ನಾನು ತಿಳಿದುಕೊಂಡಿರುವುದನ್ನು ಮೊದಲು ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.” ಇಲ್ಲಿವರೆಗೆ ಸಲೀಸಾಗಿ ಬಂತು. ಮೂರನೇ ವಾಕ್ಯಕ್ಕೆ ನಿಂತುಹೋದೆ. ಎರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದೆ. ಅವರು ದಿನಾ ಯಾವ ಮೀಟಿಂಗಿಗೆ ಹೋಗುತ್ತಾರೆ, ಯಾವ ಮೇಲ್ ಬಂದರೆ ಮುಖ ಗಂಟಿಕ್ಕುತ್ತಾರೆ, ಎಲ್ಲ ಗೊತ್ತಿತ್ತು. ಅವರ ಮೇಲಿನವರು ಅವರನ್ನು ಏನು ಕೇಳುತ್ತಾರೆ ಅನ್ನುವುದು ಗೊತ್ತಿರಲಿಲ್ಲ. ಅವರ ಗೋಲ್ ಶೀಟಿನಲ್ಲಿ ಎಷ್ಟು ಸಾಲುಗಳಿವೆ, ಅದರಲ್ಲಿ ನನ್ನ ಕೆಲಸ ಯಾವ ಸಾಲಿಗೆ ಸೇರುತ್ತದೆ, ಒಂದೂ ಗೊತ್ತಿರಲಿಲ್ಲ. ಅಂದಾಜಿನ ಮೇಲೆ ಬರೆದೆ: “ಗ್ರಾಹಕರ ದೂರುಗಳ ಸಂಖ್ಯೆ ಕಡಿಮೆ ಮಾಡುವುದು.”

ಆ ಪತ್ರ ಇನ್ನೂ ನನ್ನ ಹತ್ತಿರ ಇದೆ. ಮೇಡಂ “ಸಂಖ್ಯೆ ಕಡಿಮೆ ಮಾಡುವುದು” ಅನ್ನುವುದರ ಮೇಲೆ ನೀಲಿ ಶಾಯಿಯಲ್ಲಿ ಒಂದು ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಅವರ ಸಣ್ಣ ಅಕ್ಷರದಲ್ಲಿ, “ಅದೇ ದೂರು ಎರಡನೇ ಸಲ ಬರಬಾರದು.”

ಆ ಐದು ಪದಗಳು ನನ್ನ ವರ್ಷವನ್ನೇ ಬದಲಾಯಿಸಿದವು. ಸಂಖ್ಯೆ ಇಳಿಸಬೇಕು ಅಂದರೆ ದಾರಿ ಸುಲಭ. ಬಂದ ದೂರಿಗೆ ಬೇಗ ಒಂದು ಉತ್ತರ ಕೊಟ್ಟು ಮುಚ್ಚಿಬಿಡುವುದು. ಹಿಂದಿನ ವರ್ಷ ನಾನು ಮಾಡಿದ್ದು ಅದನ್ನೇ, ರಾಶಿ ಅರ್ಧಕ್ಕೆ ಇಳಿದದ್ದೂ ಹಾಗೆಯೇ. ಅದೇ ದೂರು ಮತ್ತೆ ಬರಬಾರದು ಅಂದರೆ ಅದು ಯಾಕೆ ಬಂತು ಅಂತ ಹುಡುಕಬೇಕು, ಬೇರೆ ತಂಡದವರ ಬೆನ್ನು ಹತ್ತಬೇಕು, ದಿನಕ್ಕೆ ಹತ್ತು ಮುಚ್ಚುವಲ್ಲಿ ಮೂರು ಮುಚ್ಚಬೇಕು. ಒಂದು ವಾರದ ಲೆಕ್ಕ ನೋಡಿದರೆ ಎರಡನೆಯವರು ಸೋಮಾರಿಗಳ ಹಾಗೆ ಕಾಣುತ್ತಾರೆ. ಮೇಡಂಗೆ ಬೇಕಾಗಿದ್ದು ಎರಡನೆಯದು. ದಾಖಲೆಗಳ ವರ್ಗಾವಣೆ ಅಷ್ಟು ಮುಖ್ಯವಾಗಿದ್ದೂ ಅದಕ್ಕೇ. ಹಳೇ ಸಾಫ್ಟ್‌ವೇರ್‌ನಲ್ಲಿ ಗ್ರಾಹಕರ ವಿಳಾಸ ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಹಳೆಯದೇ ಉಳಿಯುತ್ತಿತ್ತು, ಅವೇ ದೂರುಗಳು ತಿರುತಿರುಗಿ ಬರುತ್ತಿದ್ದವು. ಈ ಕೊಂಡಿ ನನಗೆ ಹೊಳೆದದ್ದು ಆ ನೀಲಿ ಗೆರೆ ನೋಡಿದ ಮೇಲೆ. ಐದನೇ ಸಾಲು ಯಾಕೆ ಮೊದಲನೆಯ ಸಾಲಾಗಿತ್ತು ಅಂತ ಒಂದು ವರ್ಷ ತಡವಾಗಿ ಅರ್ಥವಾಯಿತು.

ಪತ್ರದಲ್ಲಿ ಬರೆಯಲು ಕಷ್ಟವಾದದ್ದು “ನೀವು ಮಾಡುವುದರಲ್ಲಿ ನನಗೆ ತೊಡಕಾಗುವುದು” ಅನ್ನುವ ಭಾಗ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಒಂದೇ ವಿಷಯ ಉಳಿಸಿದೆ: ಮಧ್ಯಾಹ್ನದ ಹೊತ್ತು ಬರುವ “ಸ್ವಲ್ಪ ಇದನ್ನ ನೋಡಿ” ಅನ್ನುವ ಫೋನುಗಳು. ದಿನಕ್ಕೆ ಮೂರೋ ನಾಲ್ಕೋ. ಪ್ರತಿಯೊಂದೂ ಹತ್ತೇ ನಿಮಿಷದ ಕೆಲಸ. ಆದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದರೆ ಮತ್ತೆ ಅದರೊಳಗೆ ಇಳಿಯಲು ಅರ್ಧ ಗಂಟೆ ಬೇಕು. ಓದಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹೇಳಿದರು, “ಅವು ನನಗೆ ಮೇಲಿಂದ ಬರ್ತವೆ. ಬಂದ ಹಾಗೇ ನಿಮಗೆ ದಾಟಿಸ್ತಿದ್ದೆ. ಅಷ್ಟೊಂದು ಆಗ್ತಿದೆ ಅಂತ ಗೊತ್ತಿರಲಿಲ್ಲ.” ಅವತ್ತಿಂದ ಅವನ್ನೆಲ್ಲ ಸಂಜೆ ನಾಲ್ಕು ಗಂಟೆಗೆ ಒಟ್ಟಿಗೆ ಕಳಿಸತೊಡಗಿದರು. ನಿಜವಾಗಿ ತುರ್ತು ಇದ್ದರೆ ಮಾತ್ರ ಫೋನು. ಎರಡು ವರ್ಷ ನಾನು ಹಲ್ಲು ಕಚ್ಚಿ ಸಹಿಸಿದ್ದನ್ನು ಅವರು ಒಂದು ನಿಮಿಷದಲ್ಲಿ ಸರಿ ಮಾಡಿದರು, ಹೇಳಿದ್ದಕ್ಕೆ.

ಹಾಗಂತ ಎಲ್ಲರಿಗೂ ಇಂಥ ಮ್ಯಾನೇಜರ್ ಸಿಗುವುದಿಲ್ಲ. ಪತ್ರ ನೋಡಿ “ಇದೆಲ್ಲ ಯಾಕೆ, ಹೇಳಿದ್ದು ಮಾಡಿ” ಅನ್ನುವವರೂ ಇದ್ದಾರೆ. ಗುರಿ ಮೇಲಿಂದಲೇ ಬರುತ್ತದೆ, ಅದರಲ್ಲಿ ನಮ್ಮದೇನೂ ನಡೆಯುವುದಿಲ್ಲ ಅನ್ನುವ ಕಡೆ ಏನು ಮಾಡುವುದು? ಇಲ್ಲಿ ಒಂದು ಸಂಶೋಧನೆಯ ಕತೆ ಹೇಳಬೇಕು. ನನಗೆ ತುಂಬಾ ಇಷ್ಟವಾದ ಕತೆ.

ಗುರಿಗಳ ಬಗ್ಗೆ ದಶಕಗಟ್ಟಲೆ ಅಧ್ಯಯನ ಮಾಡಿದವರು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್. “ನಿಮ್ಮ ಕೈಲಾದಷ್ಟು ಮಾಡಿ” ಅನ್ನುವುದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟವಾದ ಗುರಿ ಇಟ್ಟಾಗ ಜನ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಾರೆ ಅನ್ನುವುದು ಲಾಕ್ 1968ರಲ್ಲೇ ಮುಂದಿಟ್ಟ ಮಾತು. ಮುಂದೆ ಒಂದು ಜಗಳ ಹುಟ್ಟಿತು. ಗುರಿಯನ್ನು ಕೆಲಸ ಮಾಡುವವರ ಜೊತೆ ಕೂತು ನಿರ್ಧರಿಸಿದರೆ ಒಳ್ಳೆಯದೋ, ಮೇಲಿನವರೇ ಹೇಳಿಬಿಟ್ಟರೂ ನಡೆಯುತ್ತದೋ? ಲೇಥಮ್ ಅವರ ಪ್ರಯೋಗಗಳಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇನ್ನೊಬ್ಬ ಸಂಶೋಧಕಿ ಮಿರಿಯಂ ಎರೆಜ್ ಅವರ ಪ್ರಯೋಗಗಳಲ್ಲಿ ಜೊತೆಗೂಡಿ ನಿರ್ಧರಿಸಿದವರೇ ಮುಂದಿದ್ದರು. ಇಬ್ಬರೂ ಪತ್ರಿಕೆಗಳಲ್ಲಿ ಕೆಸರೆರಚಿಕೊಳ್ಳಲಿಲ್ಲ. ಲಾಕ್ ಅವರನ್ನು ಮಧ್ಯಸ್ಥರನ್ನಾಗಿ ಇಟ್ಟುಕೊಂಡು ಒಟ್ಟಿಗೆ ಕೂತು ಪ್ರಯೋಗಗಳನ್ನು ರೂಪಿಸಿದರು. ಫಲಿತಾಂಶ 1988ರಲ್ಲಿ ಮೂವರ ಹೆಸರಿನಲ್ಲಿ ಪ್ರಕಟವಾಯಿತು. ಗುಟ್ಟು ಇದ್ದದ್ದು ಗುರಿಯನ್ನು ಹೇಳುವ ರೀತಿಯಲ್ಲಿ. ಲೇಥಮ್ ಅವರ ಪ್ರಯೋಗಗಳಲ್ಲಿ ಗುರಿ ಕೊಡುವಾಗ ಯಾಕೆ ಅಂತ ಕಾರಣವನ್ನೂ ಹೇಳುತ್ತಿದ್ದರು. ಎರೆಜ್ ಅವರಲ್ಲಿ “ಇಷ್ಟು ಮಾಡಿ” ಅಂತ ಚುಟುಕಾಗಿ ಹೇಳಿ ಮುಗಿಸುತ್ತಿದ್ದರು. ಕಾರಣ ಹೇಳಿ ಕೊಟ್ಟ ಗುರಿ, ಕೂತು ಮಾತಾಡಿ ಒಪ್ಪಿದ ಗುರಿಯಷ್ಟೇ ಚೆನ್ನಾಗಿ ಕೆಲಸ ಮಾಡಿತು. ಕಾರಣ ಇಲ್ಲದೆ ಹೇರಿದ್ದು ಹಿಂದೆ ಬಿತ್ತು.

ಕೇಳಬೇಕಾದ ಪ್ರಶ್ನೆ ಇಲ್ಲೇ ಇದೆ ಅಲ್ವಾ? ಗುರಿಯನ್ನು ಬದಲಾಯಿಸುವ ಅಧಿಕಾರ ನಮಗೆ ಇಲ್ಲದಿರಬಹುದು. ಕಾರಣ ಕೇಳುವುದಕ್ಕೆ ಅಧಿಕಾರ ಬೇಕಿಲ್ಲ. “ಇದು ಆಗದಿದ್ದರೆ ಯಾರಿಗೆ ತೊಂದರೆ ಆಗುತ್ತೆ ಸರ್?” ಅಂತ ಕೇಳಿದರೆ ಯಾವ ಮ್ಯಾನೇಜರೂ ಸಿಟ್ಟಾಗಿದ್ದನ್ನು ನಾನು ನೋಡಿಲ್ಲ. “ಯಾಕೆ ಮಾಡಬೇಕು?” ಅಂದರೆ ಎದುರು ಮಾತಿನ ಹಾಗೆ ಕೇಳುತ್ತದೆ. “ಆಗದಿದ್ದರೆ ಏನಾಗುತ್ತೆ?” ಅಂದರೆ ಕಾಳಜಿಯ ಹಾಗೆ ಕೇಳುತ್ತದೆ, ಅದು ಕಾಳಜಿಯೇ. ಉತ್ತರದಲ್ಲಿ ಆ ಕೆಲಸದ ನಿಜವಾದ ತೂಕ ತಿಳಿಯುತ್ತದೆ. ಕೆಲವು ಸಲ ಉತ್ತರವೇ ಬರುವುದಿಲ್ಲ. ಹೋದ ವರ್ಷದ ಶೀಟಿನಿಂದ ಹಾಗೇ ನಕಲಾಗಿ ಬಂದ ಸಾಲು ಅದು ಅಂತ ಇಬ್ಬರಿಗೂ ಒಟ್ಟಿಗೆ ಗೊತ್ತಾಗುತ್ತದೆ. ನನ್ನ ಎರಡು ಸಾಲುಗಳು ಹಾಗೆಯೇ ಬಿದ್ದುಹೋದವು.

ಗುರಿ ಬರೆಯುವುದು ಹೇಗೆ ಅನ್ನುವುದಕ್ಕೆ ಎಲ್ಲ ತರಬೇತಿಯಲ್ಲೂ ‘ಸ್ಮಾರ್ಟ್’ ಅನ್ನುವ ಐದು ಇಂಗ್ಲಿಷ್ ಅಕ್ಷರಗಳ ಸೂತ್ರ ಹೇಳಿಕೊಡುತ್ತಾರೆ, ಒಂದೊಂದು ಅಕ್ಷರಕ್ಕೆ ಒಳ್ಳೇ ಗುರಿಯ ಒಂದೊಂದು ಲಕ್ಷಣ. ಅದನ್ನು ಬರೆದವರು ಜಾರ್ಜ್ ಡೋರನ್, 1981ರ ನವೆಂಬರಿನ ಒಂದು ಪತ್ರಿಕಾ ಲೇಖನದಲ್ಲಿ. ಈಗ ಅದರ ‘ಎ’ ಅಕ್ಷರಕ್ಕೆ ಸಾಮಾನ್ಯವಾಗಿ ‘ಸಾಧಿಸಬಹುದಾದದ್ದು’ ಅಂತ ಅರ್ಥ ಹೇಳುತ್ತಾರೆ. ಡೋರನ್ ಬರೆದದ್ದು ‘ಅಸೈನಬಲ್’. ಯಾರು ಮಾಡುತ್ತಾರೆ ಅಂತ ಹೆಸರಿಟ್ಟು ಹೇಳಬೇಕು ಅನ್ನುವುದು. ನನ್ನ ಐದನೇ ಸಾಲಿನಲ್ಲಿ ಇಲ್ಲದ್ದು ಅದೇ. ಆ ಒಂದಕ್ಷರದ ಹಳೇ ಅರ್ಥ ಯಾರಾದರೂ ನನಗೆ ಹೇಳಿಕೊಟ್ಟಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಎಲ್ಲ ಗುರಿಗೂ ಐದೂ ಲಕ್ಷಣ ಇರಲೇಬೇಕು ಅಂತಲೂ ಡೋರನ್ ಹೇಳಿರಲಿಲ್ಲ. ಹೊಸ ಕೆಲಸ, ದಾರಿಯೇ ಗೊತ್ತಿಲ್ಲದ ಕೆಲಸ ಇದ್ದಾಗ ಅಂಕಿ ಹಾಕಿ ಕೂರುವುದರಲ್ಲಿ ಅರ್ಥವಿಲ್ಲ. “ಮೊದಲ ತಿಂಗಳು ಕಲಿಯುತ್ತೇನೆ, ಆಮೇಲೆ ಅಂಕಿ ಹೇಳುತ್ತೇನೆ” ಅನ್ನುವುದೂ ಒಳ್ಳೇ ಗುರಿಯೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಗುರಿಗಳನ್ನು ಒಪ್ಪುವುದು ಅಷ್ಟು ಕಷ್ಟ ಅಲ್ಲ. ಎಂಟು ಕೆಲಸ ಹೇಳಿದರೆ ಎಂಟಕ್ಕೂ ಹೂಂ ಅನ್ನಬಹುದು. ಕಷ್ಟ ಇರುವುದು ಯಾವುದು ಮೊದಲು ಅನ್ನುವುದರಲ್ಲಿ. “ಮೇಡಂ, ಇದರಲ್ಲಿ ಯಾವುದು ಮುಖ್ಯ?” ಅಂತ ಕೇಳಿ ನೋಡಿ, ಹತ್ತಕ್ಕೆ ಒಂಬತ್ತು ಸಲ ಬರುವ ಉತ್ತರ “ಎಲ್ಲವೂ ಮುಖ್ಯವೇ.” ಅವರು ಸುಳ್ಳು ಹೇಳುತ್ತಿಲ್ಲ. ಅವರ ಮಟ್ಟಿಗೆ ಎಲ್ಲವೂ ಮುಖ್ಯವೇ, ಇಲ್ಲದಿದ್ದರೆ ಶೀಟಿನಲ್ಲಿ ಯಾಕೆ ಇರುತ್ತಿದ್ದವು? ನಾವು ಕೇಳುತ್ತಿರುವ ಪ್ರಶ್ನೆಯೇ ತಪ್ಪು.

ನಾನು ಕಲಿತ ಪ್ರಶ್ನೆ ಇದು: “ಇದರಲ್ಲಿ ಯಾವುದು ಒಂದು ತಿಂಗಳು ತಡವಾದರೆ ಪರವಾಗಿಲ್ಲ?”

ಮೊದಲ ಸಲ ಕೇಳಿದಾಗ ಮೇಡಂ ತಕ್ಷಣ ಉತ್ತರ ಕೊಡಲಿಲ್ಲ. ಪಟ್ಟಿಯ ಮೇಲೆ ಕಣ್ಣಾಡಿಸಿದರು. ತಿಂಗಳ ರಿಪೋರ್ಟಿನ ಮೇಲೆ ಪೆನ್ನು ನಿಂತಿತು. “ಇದನ್ನ ಯಾರೂ ಪೂರ್ತಿ ಓದಲ್ಲ ಅನ್ಸುತ್ತೆ. ಮೊದಲ ಪುಟ ಸಾಕು.” ಹಿಂದಿನ ವರ್ಷ ಅದಕ್ಕೆ ನಾನು ತಿಂಗಳಿಗೆ ನಾಲ್ಕು ದಿನ ಕೊಟ್ಟಿದ್ದೆ, ಹನ್ನೆರಡು ತಿಂಗಳಿಗೆ ನಲವತ್ತೆಂಟು ದಿನ. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಜೊತೆಗೇ ಆ ನಲವತ್ತೆಂಟು ದಿನ ವಾಪಸ್ ಸಿಕ್ಕಿದ ಹಾಗೂ ಆಯಿತು. ರಿಪೋರ್ಟು ಒಂದು ಪುಟಕ್ಕೆ ಇಳಿಯಿತು, ಅರ್ಧ ದಿನದ ಕೆಲಸ. ಉಳಿದ ದಿನಗಳು ದಾಖಲೆಗಳಿಗೆ ಹೋದವು.

ಡ್ರಕರ್ ಅವರ ಪತ್ರದ ವಿಚಾರದಲ್ಲೂ ಇದೇ ಮಾತು ಬರುತ್ತದೆ. ಕೆಳಗಿನವರ ಪತ್ರ ಓದಿದಾಗ ಮೇಲಿನವರಿಗೆ ತಮ್ಮ ಬೇಡಿಕೆಗಳಲ್ಲೇ ಇರುವ ಎಡವಟ್ಟು ಕಾಣುತ್ತದೆ, ವೇಗ ಮತ್ತು ಗುಣಮಟ್ಟ ಎರಡರಲ್ಲಿ ಒಂದೇ ಸಿಗುವಾಗ ಎರಡನ್ನೂ ಕೇಳುತ್ತಿದ್ದೇನೆಯೇ ಅಂತ. ನಮ್ಮಲ್ಲಿ ಹಾಗೆ ಕಂಡದ್ದು ಹೊಸಬರ ತರಬೇತಿಯಲ್ಲಿ. ಅವರು ಎರಡು ವಾರದಲ್ಲಿ ಕೆಲಸಕ್ಕೆ ಇಳಿಯಬೇಕು, ತಪ್ಪೂ ಮಾಡಬಾರದು ಅಂತ ಶೀಟಿನಲ್ಲಿತ್ತು. ಎರಡೂ ಆಗುವುದಿಲ್ಲ ಅಂತ ಬರೆದೆ. ನಾಲ್ಕು ವಾರಕ್ಕೆ ಒಪ್ಪಿದರು.

ಕೈಯಲ್ಲಿ ಕೆಲಸ ಜಾಸ್ತಿ ಇದೆ ಅಂತ ಹೇಳುವುದು ಹೇಗೆ? ಇದು ತುಂಬಾ ಜನ ಕೇಳುವ ಪ್ರಶ್ನೆ. “ನನಗೆ ಆಗಲ್ಲ” ಅಂದರೆ ಮೈಗಳ್ಳತನ ಅಂದುಕೊಳ್ಳುತ್ತಾರೆ ಅನ್ನುವ ಭಯ. ನನಗೆ ಇಲ್ಲಿ ಕೈಹಿಡಿದದ್ದು ಒಂದು ಲೆಕ್ಕ. 1961ರಲ್ಲಿ ಜಾನ್ ಲಿಟಲ್ ಅನ್ನುವವರು ಸರತಿ ಸಾಲುಗಳ ಬಗ್ಗೆ ಒಂದು ನಿಯಮವನ್ನು ಸಾಧಿಸಿ ತೋರಿಸಿದರು. ಸಾಲಿನಲ್ಲಿ ಸರಾಸರಿ ಎಷ್ಟಿವೆ ಅನ್ನುವುದು, ಬರುವ ವೇಗವನ್ನು ಒಂದೊಂದು ಒಳಗಿರುವ ಸಮಯದಿಂದ ಗುಣಿಸಿದಷ್ಟು. ಇದನ್ನು ನಮ್ಮ ಮೇಜಿಗೆ ತಂದುಕೊಳ್ಳಿ. ವಾರಕ್ಕೆ ಎರಡು ಕೆಲಸ ಮುಗಿಸುತ್ತೇನೆ, ಅಷ್ಟೇ ಹೊಸದು ಬರುತ್ತವೆ ಅಂತಿಟ್ಟುಕೊಳ್ಳಿ. ಕೈಯಲ್ಲಿ ನಾಲ್ಕಿದ್ದರೆ ಒಂದೊಂದು ಮುಗಿಯಲು ಸರಾಸರಿ ಎರಡು ವಾರ. ಕೈಯಲ್ಲಿ ಹತ್ತಿದ್ದರೆ ಐದು ವಾರ. ನಾನು ಅಷ್ಟೇ ವೇಗದಲ್ಲಿ, ಅಷ್ಟೇ ನಿಯತ್ತಿನಿಂದ ಕೆಲಸ ಮಾಡಿದರೂ ಪ್ರತಿಯೊಂದೂ ಮೂರು ವಾರ ತಡ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವುದರಲ್ಲಿ ಕಳೆಯುವ ಹೊತ್ತು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಇದನ್ನು ಒಂದು ಹಾಳೆಯ ಮೇಲೆ ಬರೆದು ಮೇಡಂಗೆ ತೋರಿಸಿದೆ. “ಈಗ ಹತ್ತಿವೆ. ನಾಲ್ಕು ಇಟ್ಟುಕೊಳ್ಳುತ್ತೇನೆ. ಉಳಿದ ಆರು ಸಾಲಿನಲ್ಲಿ ಕಾಯಲಿ, ಒಂದು ಮುಗಿದ ಹಾಗೆ ಇನ್ನೊಂದು ತೆಗೆದುಕೊಳ್ಳುತ್ತೇನೆ. ಯಾವ ನಾಲ್ಕು ಅಂತ ನೀವು ಹೇಳಿ.” ಮಾತು ನನ್ನ ಸಾಮರ್ಥ್ಯದ ಮೇಲಿಂದ ಜಾರಿ ಲೆಕ್ಕದ ಮೇಲೆ ಕೂತಿತು. ಆರು ಕೆಲಸ ಬೇಡ ಅಂತ ನಾನು ಹೇಳಲೇ ಇಲ್ಲ. ಆಮೇಲೆ ಹೊಸದೇನಾದರೂ ಬಂದರೆ ಅವರೇ ಕೇಳುತ್ತಿದ್ದರು, “ಯಾವುದನ್ನ ಕೆಳಗಿಡೋಣ?”

ಉತ್ತರವನ್ನೇ ಕೊಡದ ಮ್ಯಾನೇಜರುಗಳ ಜೊತೆಯೂ ಕೆಲಸ ಮಾಡಿದ್ದೇನೆ. ಕೇಳಿದರೆ “ನೋಡೋಣ”, ಮತ್ತೆ ಕೇಳಿದರೆ “ನಿಮಗೇ ಗೊತ್ತಲ್ಲ.” ಅಂಥ ಕಡೆ ಖಾಲಿ ಹಾಳೆ ಹಿಡಿದು ಹೋಗಬಾರದು. ನಾನೇ ಕ್ರಮ ಹಾಕಿ ಒಂದು ಮೇಲ್ ಕಳಿಸುತ್ತಿದ್ದೆ: “ಸರ್, ಈ ತಿಂಗಳು ಈ ಕ್ರಮದಲ್ಲಿ ಮಾಡುತ್ತಿದ್ದೇನೆ. ಮೂರನೆಯದು ಮುಂದಿನ ತಿಂಗಳಿಗೆ ಹೋಗುತ್ತದೆ. ಬದಲಾವಣೆ ಇದ್ದರೆ ಗುರುವಾರದೊಳಗೆ ತಿಳಿಸಿ, ಇಲ್ಲದಿದ್ದರೆ ಇದೇ ಕ್ರಮದಲ್ಲಿ ಮುಂದುವರಿಯುತ್ತೇನೆ.” ಹೊಸದಾಗಿ ಪಟ್ಟಿ ಮಾಡಲು ಯಾರಿಗೂ ಪುರುಸೊತ್ತಿಲ್ಲ. ತಪ್ಪಿರುವ ಪಟ್ಟಿ ಕಣ್ಣಿಗೆ ಬಿದ್ದರೆ ತಿದ್ದದೆ ಬಿಡುವುದಿಲ್ಲ. ಬುಧವಾರ ರಾತ್ರಿ ಉತ್ತರ ಬರುತ್ತಿತ್ತು.

ಇಬ್ಬರು ಮೇಲಿನವರಿದ್ದರೆ ಪಾಡು ಇನ್ನೂ ಕಷ್ಟ. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ. ಇಬ್ಬರಿಗೂ ಬೇರೆ ಬೇರೆಯಾಗಿ ಹೂಂ ಅಂದು ಮಧ್ಯದಲ್ಲಿ ನಾನು ಬೆಂದದ್ದು ಸಾಕಷ್ಟಿದೆ. ಈಗ ಒಂದೇ ಮೇಲ್, ಇಬ್ಬರ ಹೆಸರೂ ಮೇಲೆ. ಅವರು ಮಾತಾಡಿಕೊಳ್ಳಲಿ. ಅದು ಅವರು ತೀರ್ಮಾನಿಸಬೇಕಾದ ವಿಷಯ.

ಒಪ್ಪಿದ್ದು ವರ್ಷವಿಡೀ ಹಾಗೇ ಉಳಿಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ಮೂರು ತಿಂಗಳಲ್ಲಿ ಗಾಳಿ ಬದಲಾಗುತ್ತದೆ. ಇಂಟೆಲ್ ಕಂಪನಿ ನಡೆಸಿದ ಆ್ಯಂಡಿ ಗ್ರೋವ್, 1983ರ ತಮ್ಮ ಪುಸ್ತಕದಲ್ಲಿ ಮ್ಯಾನೇಜರ್ ಮತ್ತು ಕೆಳಗಿನವರು ಇಬ್ಬರೇ ಕೂರುವ ಮೀಟಿಂಗಿನ ಬಗ್ಗೆ ಬರೆದಿದ್ದಾರೆ. ಅದು ಕೆಳಗಿನವರ ಮೀಟಿಂಗ್, ಏನು ಮಾತಾಡಬೇಕು ಅನ್ನುವ ಪಟ್ಟಿ ಅವರೇ ತರಬೇಕು ಅನ್ನುವುದು ಗ್ರೋವ್ ಅವರ ಮಾತು. ಎಷ್ಟೋ ಆಫೀಸುಗಳಲ್ಲಿ ಆ ಮೀಟಿಂಗ್ ಮ್ಯಾನೇಜರ್ ಲೆಕ್ಕ ಕೇಳುವ ಜಾಗ ಆಗಿಬಿಟ್ಟಿದೆ. ನಾನು ಪ್ರತಿ ಸಲವೂ ಪತ್ರದ ಅದೇ ಹಾಳೆ ತೆಗೆದುಕೊಂಡು ಹೋಗುತ್ತಿದ್ದೆ. “ಆಗ ಹೀಗೆ ಅಂದುಕೊಂಡಿದ್ವಿ. ಈಗಲೂ ಹೀಗೇನಾ?” ಒಂದು ಸಲ ಜುಲೈನಲ್ಲಿ ಮೇಡಂ ಎರಡನೇ ಸಾಲನ್ನು ಪೂರ್ತಿ ಹೊಡೆದುಹಾಕಿದರು. ಮೇಲಿನವರ ಯೋಚನೆ ಬದಲಾಗಿ ಆಗಲೇ ಆರು ವಾರ ಆಗಿತ್ತು. ಆರು ವಾರ ನಾನು ಯಾರಿಗೂ ಬೇಡದ ಕೆಲಸ ಮಾಡುತ್ತಿದ್ದೆ. ಅವರು ಹೇಳಲು ಮರೆತಿದ್ದರು, ಬೇಕಂತ ಮುಚ್ಚಿಟ್ಟಿರಲಿಲ್ಲ. ಆ ದಿನದ ನಂತರ ನಮ್ಮ ಮೀಟಿಂಗ್ ತಿಂಗಳಿಗೊಂದರಿಂದ ಎರಡು ವಾರಕ್ಕೊಂದಾಯಿತು.

ದಾಖಲೆಗಳ ಕೆಲಸ ಆ ವರ್ಷ ಗಡುವಿಗೆ ಇಪ್ಪತ್ತು ದಿನ ಮೊದಲೇ ಮುಗಿಯಿತು.

ಈಗ ನನ್ನ ಕೈಕೆಳಗೆ ಆರು ಜನ ಇದ್ದಾರೆ. ಅವರಿಗೂ ಇದೇ ಪತ್ರ ಬರೆಯಲು ಹೇಳಿದ್ದೇನೆ. ಮೊದಲ ಸಲ ಆರು ಪತ್ರ ಒಟ್ಟಿಗೆ ಓದಿದ ಸಂಜೆ ಮರೆಯಲಾರೆ. ನನ್ನ ಕೆಲಸ ಏನು ಅಂತ ಆರು ಜನ ಆರು ಥರ ಬರೆದಿದ್ದರು. ನಾಲ್ಕು ಜನ, ನನಗೆ ಬೇಕಾಗಿರುವುದು ವೇಗ ಅಂತ ಬರೆದಿದ್ದರು. ವೇಗ ಬೇಕು ಅಂತ ನಾನು ಯಾವತ್ತೂ ಹೇಳಿರಲಿಲ್ಲ. ಆದರೆ ಬೇಗ ಮುಗಿಸಿದವರಿಗೆ ಅದೇ ದಿನ “ಸೂಪರ್” ಅಂತ ಬರೆಯುತ್ತಿದ್ದೆ, ನಿಧಾನವಾಗಿ ಸರಿಯಾಗಿ ಮಾಡಿದವರಿಗೆ ಏನೂ ಬರೆಯುತ್ತಿರಲಿಲ್ಲ. ತಿಂಗಳ ರಿಪೋರ್ಟಿಗೆ ಬರುತ್ತಿದ್ದ ಆ “ಥ್ಯಾಂಕ್ಸ್, ಚೆನ್ನಾಗಿದೆ” ನೆನಪಾಯಿತು. ಅದನ್ನೇ ಈಗ ನಾನು ಹಂಚುತ್ತಿದ್ದೆ.

ಆರನೇ ಪತ್ರ ತಂಡದಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗಿಯದು. ಸೇರಿ ಎಂಟು ತಿಂಗಳಾಗಿತ್ತು ಅಷ್ಟೇ. ಮೀಟಿಂಗಿನಲ್ಲಿ ಬಾಯಿ ಬಿಡುವುದೇ ಅಪರೂಪ. ತೊಡಕುಗಳ ಜಾಗದಲ್ಲಿ ಎರಡೇ ವಾಕ್ಯ ಬರೆದಿದ್ದಳು: “ಹೋದ ವಾರ ನೀವು ಮೂರು ಕೆಲಸ ಕೊಟ್ಟು ಮೂರನ್ನೂ ಸೋಮವಾರಕ್ಕೆ ಬೇಕು ಅಂದಿರಿ. ಯಾವುದು ತಡವಾದರೆ ಪರವಾಗಿಲ್ಲ ಅಂತ ನೀವು ಹೇಳಿದ್ದರೆ ನಾನು ಉಳಿದ ಎರಡನ್ನು ಚೆನ್ನಾಗಿ ಮಾಡುತ್ತಿದ್ದೆ.”

ಅವಳಿಗೆ ತಕ್ಷಣ ಉತ್ತರ ಬರೆಯಲು ಕೂತೆ. ಮೂರೂ ಕೆಲಸಗಳನ್ನು ಒಂದರ ಕೆಳಗೆ ಒಂದು ಬರೆದುಕೊಂಡೆ. ಯಾವುದರ ಮೇಲೆ ಪೆನ್ನು ಇಡಬೇಕು ಅಂತ ನನಗೇ ತಿಳಿಯಲಿಲ್ಲ. ಮೂರೂ ನನಗೆ ಮೇಲಿಂದ ಬಂದವು, ಮೂರಕ್ಕೂ ಸೋಮವಾರ ಅಂತಲೇ ಇತ್ತು, ನಾನು ಬಂದ ಹಾಗೇ ದಾಟಿಸಿದ್ದೆ. “ನಾಳೆವರೆಗೆ ಟೈಮ್ ಕೊಡಮ್ಮ, ಕೇಳಿ ಹೇಳ್ತೀನಿ” ಅಂತ ಅವಳಿಗೆ ಒಂದು ಸಾಲು ಕಳಿಸಿದೆ. ಆಮೇಲೆ ಅದೇ ಹಾಳೆ ಹಿಡಿದುಕೊಂಡು ನನ್ನ ಮ್ಯಾನೇಜರ್ ರೂಮಿನ ಬಾಗಿಲು ತಟ್ಟಿದೆ.